ಬಾಡಿಗೆಯ ಮೋಟಾರು ಸೈಕಲ್ಲಿಗೆ ತಕ್ಕ ಎಂಜಿನ್ ಆಯಿಲ್

ಯಂತ್ರದ ಆಯುಷ್ಯವನ್ನು ನಿರ್ಣಯಿಸುವ ವಸ್ತುಗಳಲ್ಲಿ ಕೀಲೆಣ್ಣೆಗೆ ಅಗ್ರಸ್ಥಾನ ಸಲ್ಲುತ್ತದೆಂಬುದು ಯಂತ್ರಶಾಸ್ತ್ರದ ವಿದ್ಯಾರ್ಥಿಗಳಿಗೆ ಹೊಸ ಸಂಗತಿಯೇನೂ ಅಲ್ಲ. ಆದರೆ ಯಾವ ಯಂತ್ರಕ್ಕೆ ಯಾವ ಎಣ್ಣೆ ತಕ್ಕದ್ದು, ಅದನ್ನು ಎಷ್ಟು ಕಾಲ ಬಳಸಬಹುದು ಎಂಬ ಪ್ರಶ್ನೆಗಳಿಗೆ ಪಠ್ಯಪುಸ್ತಕಗಳು ಕೊಡುವ ಉತ್ತರವು ಬಹುಮಟ್ಟಿಗೆ ಕಾರ್ಖಾನೆಯ ಯಂತ್ರಗಳನ್ನೂ ಮೋಟಾರು ಕಾರುಗಳನ್ನೂ ದೃಷ್ಟಿಯಲ್ಲಿರಿಸಿಕೊಂಡದ್ದು. ಇಂದು ಆಫ್ರಿಕದಲ್ಲಿಯೂ ಆಗ್ನೇಯ ಏಷ್ಯದಲ್ಲಿಯೂ ನಮ್ಮ ದೇಶದ ಕೆಲವು ನಗರಗಳಲ್ಲಿಯೂ ಅಸಂಖ್ಯಾತ ಜನರ ಜೀವನೋಪಾಯಕ್ಕೆ ಆಧಾರವಾಗಿರುವ ಬಾಡಿಗೆಯ ಮೋಟಾರು ಸೈಕಲ್ಲು ಈ ಎರಡು ವರ್ಗಗಳಿಗೂ ಸೇರಿದುದಲ್ಲ. ಅದರ ಎಂಜಿನು ಮನೆಯ ವಾಹನದ್ದು. ಅದು ಮಾಡುವ ದುಡಿಮೆ ಲಾರಿಯದು. ಈ ವೈಷಮ್ಯವೇ ಎಣ್ಣೆಯ ಆಯ್ಕೆಯನ್ನು ಒಂದು ಪ್ರತ್ಯೇಕ ಸಮಸ್ಯೆಯನ್ನಾಗಿ ಮಾಡುತ್ತದೆ. ಈ ಸಮಸ್ಯೆಯನ್ನು ಅದರ ಮೂಲತತ್ತ್ವಗಳಿಂದ ಪ್ರಾರಂಭಿಸಿ ವಿವೇಚಿಸುವುದು ಈ ಲೇಖನದ ಉದ್ದೇಶ.

ವಿವೇಚನೆಗೆ ಒಂದು ನಿರ್ದಿಷ್ಟ ನಿದರ್ಶನ ಇದ್ದರೆ ಅನುಕೂಲ. ಆದುದರಿಂದ ನಾವು ಪೂರ್ವ ಆಫ್ರಿಕದ ‘ಬೋಡಾ ಬೋಡಾ’ ವಾಹನವನ್ನು ಆರಿಸಿಕೊಂಡಿದ್ದೇವೆ.

೧. ಬೋಡಾ ಬೋಡಾ ಮತ್ತು ಅದರ ದುಡಿಮೆ

ಕೆನ್ಯಾ ಮತ್ತು ಉಗಾಂಡ ದೇಶಗಳ ಗಡಿಯಲ್ಲಿ ಬುಸಿಯಾ ಎಂಬ ಊರಿದೆ. ಎರಡು ದೇಶಗಳ ಗಡಿಠಾಣೆಗಳ ನಡುವಣ ದಾರಿಯಲ್ಲಿ ಜನರನ್ನು ಬೈಸಿಕಲ್ಲಿನ ಹಿಂದೆ ಕೂರಿಸಿಕೊಂಡು ಸಾಗಿಸುವ ಪದ್ಧತಿ ೧೯೬೦ರ ದಶಕದಲ್ಲಿ ಅಲ್ಲಿ ಬೆಳೆಯಿತು. ‘ಗಡಿಯಿಂದ ಗಡಿಗೆ’ ಎಂಬರ್ಥದ ಇಂಗ್ಲಿಷು ಮಾತನ್ನು ಸವಾರರು ಕೂಗಿ ಕೂಗಿ ಅದು ‘ಬೋಡಾ ಬೋಡಾ’ ಆಯಿತೆಂದು ಹೇಳುತ್ತಾರೆ. ಕ್ರಮೇಣ ಬೈಸಿಕಲ್ಲಿನ ಸ್ಥಾನಕ್ಕೆ ಮೋಟಾರು ಸೈಕಲ್ಲು ಬಂದಿತು. ಹೆಸರು ಹಾಗೆಯೇ ಉಳಿಯಿತು. ಇಂದು ಕಂಪಾಲ, ನೈರೋಬಿ ಮೊದಲಾದ ನಗರಗಳಲ್ಲಿ ಈ ವಾಹನವಿಲ್ಲದೆ ಜನಸಂಚಾರವನ್ನು ಊಹಿಸುವುದೇ ಕಷ್ಟ.

ಈ ನಿದರ್ಶನ ನಮಗೆ ದೂರದ್ದೆಂದು ತೋರಬಹುದು, ವಾಸ್ತವವಾಗಿ ಹಾಗಲ್ಲ. ಅಲ್ಲಿ ಓಡುವ ವಾಹನಗಳಲ್ಲಿ ಬಹುಪಾಲು ಭಾರತದಲ್ಲಿ ನಿರ್ಮಿತವಾದ ಅಥವಾ ಭಾರತದಿಂದ ಭಾಗಗಳನ್ನು ತರಿಸಿ ಜೋಡಿಸಿದ ಬಜಾಜ್ ಬಾಕ್ಸರ್, ಟಿವಿಎಸ್ ಎಚ್‌ಎಲ್‌ಎಕ್ಸ್ ಮುಂತಾದ ೧೦೦ರಿಂದ ೧೫೦ ಘನ ಸೆಂಟಿಮೀಟರಿನ ಎಂಜಿನುಗಳುಳ್ಳ ಬಂಡಿಗಳು. ಟಿವಿಎಸ್ ಕಂಪನಿಗೆ ಹೊಸೂರಿನಲ್ಲಿಯೂ ಮೈಸೂರಿನಲ್ಲಿಯೂ ಕಾರ್ಖಾನೆಗಳುಂಟು. ಇದಲ್ಲದೆ ಕಂಪಾಲ ನಗರವು ಸಮುದ್ರಮಟ್ಟದಿಂದ ಸುಮಾರು ೧೨೦೦ ಮೀಟರು ಎತ್ತರದಲ್ಲಿರುವ ಬೆಟ್ಟಗಳ ಊರು. ಅಲ್ಲಿಯ ಹವೆ ನಮ್ಮ ಬೆಂಗಳೂರಿನ ಹವೆಯನ್ನು ಬಹುಮಟ್ಟಿಗೆ ಹೋಲುತ್ತದೆ. ಅಲ್ಲಿಯ ಬೋಡಾ ಬೋಡಾ ಸವಾರನಿಗೆ ಅನ್ವಯಿಸುವ ಮಾತು ಬೆಂಗಳೂರಿನಲ್ಲಿ ದಿನವಿಡೀ ಊಟದ ಪೊಟ್ಟಣಗಳನ್ನೂ ಸಾಮಾನುಗಳನ್ನೂ ಮನೆಮನೆಗೆ ಮುಟ್ಟಿಸುವ ಸವಾರನಿಗೂ, ಗೋವೆಯಲ್ಲಿ ‘ಪೈಲಟ್’ ಎಂದು ಕರೆಯಲ್ಪಡುವ ಬಾಡಿಗೆ ಸವಾರನಿಗೂ ಅನ್ವಯಿಸುತ್ತದೆ.

ಇಂಥ ವಾಹನದ ದುಡಿಮೆಯಲ್ಲಿ ನಾಲ್ಕು ವಿಶೇಷಗಳನ್ನು ಕಾಣಬಹುದು. ಮೊದಲನೆಯದು ದೂರ: ಮನೆಯ ವಾಹನ ದಿನಕ್ಕೆ ಇಪ್ಪತ್ತು ಕಿಲೋಮೀಟರು ಓಡಿದರೆ ಬಾಡಿಗೆಯದು ನೂರು ಓಡುವುದು ಅಸಾಧಾರಣವಲ್ಲ. ಎರಡನೆಯದು ಭಾರ: ಸವಾರನಲ್ಲದೆ ಒಬ್ಬ ಪ್ರಯಾಣಿಕ, ಕೆಲವು ವೇಳೆ ಇಬ್ಬರು, ಜೊತೆಗೆ ಗಂಟುಮೂಟೆ. ಮೂರನೆಯದು ನಿಂತು ನಿಂತು ಸಾಗುವ ಓಟ: ಸಂದಣಿಯಲ್ಲಿ ಎಂಜಿನು ತಿರುಗುತ್ತಲೇ ಇರುತ್ತದೆ, ಗಾಲಿ ತಿರುಗುವುದಿಲ್ಲ. ನಾಲ್ಕನೆಯದು ಧೂಳು: ಪೂರ್ವ ಆಫ್ರಿಕದಲ್ಲಿ ‘ಮುರ್ರಂ’ ಎಂದು ಕರೆಯುವ ಕೆಂಪು ಜಂಬಿಟ್ಟಿಗೆ ಮಣ್ಣಿನ ರಸ್ತೆಗಳು ಬೇಸಗೆಯಲ್ಲಿ ಏಳಿಸುವ ಧೂಳು ನಮ್ಮ ಕರಾವಳಿಯ ಮತ್ತು ಮಲೆನಾಡಿನ ಮಣ್ಣುರಸ್ತೆಗಳನ್ನು ಬಲ್ಲವರಿಗೆ ಪರಿಚಿತವೇ.

ಇವಕ್ಕೆ ಐದನೆಯದೊಂದನ್ನು ಸೇರಿಸಬೇಕು. ಅದು ಯಂತ್ರಶಾಸ್ತ್ರಕ್ಕೆ ಸಂಬಂಧಿಸಿದುದಲ್ಲ, ಅರ್ಥಶಾಸ್ತ್ರಕ್ಕೆ ಸಂಬಂಧಿಸಿದುದು. ಅನೇಕ ಸವಾರರು ಬಂಡಿಯನ್ನು ಸಾಲದ ಮೇಲೋ ದಿನಬಾಡಿಗೆಗೋ ಪಡೆದವರು. ಬಂಡಿ ನಿಂತ ದಿನ ಸಂಪಾದನೆ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ಆದುದರಿಂದ ಎಣ್ಣೆಯ ಆಯ್ಕೆ ಅವರ ಪಾಲಿಗೆ ಕೇವಲ ಯಂತ್ರದ ಆರೈಕೆಯಲ್ಲ. ಕುಟುಂಬದ ಅನ್ನದ ಪ್ರಶ್ನೆಯೂ ಹೌದು.

೨. ಒಂದೇ ಎಣ್ಣೆಗೆ ಮೂರು ಕೆಲಸ

೧೮೮೩ರಲ್ಲಿ ಬೀಚಂ ಟವರ್ ಎಂಬ ಆಂಗ್ಲ ಎಂಜಿನಿಯರನು ರೈಲುಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ, ಬೇರಿಂಗಿನ ಮೇಲ್ಭಾಗದಲ್ಲಿ ಕೊರೆದಿದ್ದ ರಂಧ್ರದಿಂದ ಎಣ್ಣೆ ಉಕ್ಕಿಬಂದುದನ್ನು ಕಂಡನು. ರಂಧ್ರಕ್ಕೆ ಜಡಿದ ಮರದ ಬಿರಟೆಯನ್ನೂ ಆ ಎಣ್ಣೆ ಹೊರದೂಡಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಎಳೆದುಕೊಂಡು ಒತ್ತಡವುಳ್ಳ ಒಂದು ಪೊರೆಯನ್ನು ನಿರ್ಮಿಸಿ ಅದರ ಮೇಲೆ ತೇಲುತ್ತದೆಂಬ ಸತ್ಯ ಹೀಗೆ ಗೋಚರಿಸಿತು. ೧೮೮೬ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ರೂಪ ಕೊಟ್ಟನು. ೧೯೦೨ರಲ್ಲಿ ಜರ್ಮನಿಯ ಸ್ಟ್ರೈಬೆಕ್ ಪ್ರಕಟಿಸಿದ ಪ್ರಯೋಗಗಳು, ವೇಗ ಕಡಿಮೆಯಾಗಿ ಭಾರ ಹೆಚ್ಚಾದಂತೆ ಈ ಪೊರೆ ತೆಳುವಾಗಿ ಲೋಹಕ್ಕೆ ಲೋಹ ತಾಗುವ ಸ್ಥಿತಿ ಬರುತ್ತದೆಂಬುದನ್ನು ತೋರಿಸಿದವು.

ಮೋಟಾರು ಸೈಕಲ್ಲಿನ ಎಂಜಿನಿನಲ್ಲಿ ಈ ಎರಡು ಸ್ಥಿತಿಗಳೂ ಏಕಕಾಲದಲ್ಲಿ ಇರುತ್ತವೆ. ವೇಗವಾಗಿ ಜಾರುವ ಪಿಸ್ಟನಿನ ನಡುಭಾಗ ಎಣ್ಣೆಯ ಪೂರ್ಣ ಪೊರೆಯ ಮೇಲೆ ಸಾಗುತ್ತದೆ. ಇಲ್ಲಿ ಮುಖ್ಯವಾದುದು ಎಣ್ಣೆಯ ಸ್ನಿಗ್ಧತೆ. ಕವಾಟಗಳನ್ನು ಎತ್ತುವ ಕ್ಯಾಮ್‌ಗಳಲ್ಲಿಯೂ, ಪಿಸ್ಟನ್ನು ಕ್ಷಣಕಾಲ ನಿಂತು ಹಿಂದಿರುಗುವ ಸಿಲಿಂಡರಿನ ತುದಿಗಳಲ್ಲಿಯೂ ಪೊರೆ ಹರಿಯುತ್ತದೆ. ಅಲ್ಲಿ ಸವೆತವನ್ನು ತಡೆಯುವುದು ಎಣ್ಣೆಗೆ ಬೆರೆಸಿದ ರಾಸಾಯನಿಕ ದ್ರವ್ಯಗಳು. ಇವುಗಳಲ್ಲಿ ಮುಖ್ಯವಾದುದು ಸತು ಮತ್ತು ರಂಜಕಗಳ ಸಂಯುಕ್ತವೊಂದು. ಇದು ಒತ್ತಡ ಮತ್ತು ಉಷ್ಣಗಳಿಗೆ ಸಿಕ್ಕಿದಾಗ ಲೋಹದ ಮೇಲೆ ಒಂದು ರಕ್ಷಾಕವಚವಾಗಿ ಕೂಡುತ್ತದೆ.

ಕಾರಿನ ಎಂಜಿನ್ ಆಯಿಲ್‌ನ ಕೆಲಸ ಇಲ್ಲಿಗೆ ಮುಗಿಯಿತು. ಗೇರುಪೆಟ್ಟಿಗೆಗೆ ಬೇರೆಯ ಎಣ್ಣೆಯುಂಟು, ಸಾಮಾನ್ಯವಾಗಿ ಕ್ಲಚ್ಚು ಒಣಗಿಯೇ ಇರುತ್ತದೆ. ನಾಲ್ಕು ಸ್ಟ್ರೋಕಿನ ಸಾಮಾನ್ಯ ಮೋಟಾರು ಸೈಕಲ್ಲಿನಲ್ಲಾದರೋ ಎಂಜಿನು, ಗೇರುಗಳು, ಕ್ಲಚ್ಚು ಈ ಮೂರೂ ಒಂದೇ ಕವಚದೊಳಗೆ, ಒಂದೇ ಎಣ್ಣೆಯಲ್ಲಿ ಮಿಂದಿರುತ್ತವೆ. ಮೈಸೂರಿನಲ್ಲಿ ೧೯೬೧ರಿಂದ ೧೯೯೬ರವರೆಗೆ ತಯಾರಾಗುತ್ತಿದ್ದ ಜಾವಾ ಮತ್ತು ಯೆಜ್ಡಿ ಬಂಡಿಗಳನ್ನು ಬಲ್ಲ ಹಿರಿಯರಿಗೆ ಈ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ಅವು ಎರಡು ಸ್ಟ್ರೋಕಿನ ಎಂಜಿನುಗಳು. ಪೆಟ್ರೋಲಿಗೆ ಬೆರೆಸಿದ ಎಣ್ಣೆ ಎಂಜಿನನ್ನು ನೋಡಿಕೊಂಡು ಅಲ್ಲಿಯೇ ಉರಿದುಹೋಗುತ್ತಿತ್ತು. ಗೇರು ಮತ್ತು ಕ್ಲಚ್ಚುಗಳಿಗೆ ಬೇರೆಯ ಎಣ್ಣೆ. ಆ ಕಾಲದ ವಾಡಿಕೆಯ ಜ್ಞಾನ ಇಂದಿನ ಬಂಡಿಗೆ ಸಾಲದು.

ಮೂರು ಭಾಗಗಳ ಬೇಡಿಕೆಗಳೂ ಬೇರೆಬೇರೆ. ಎಂಜಿನು ತಂಪನ್ನೂ ಜಾರುವಿಕೆಯನ್ನೂ ಬೇಡುತ್ತದೆ. ಗೇರಿನ ಹಲ್ಲುಗಳು ಎಣ್ಣೆಯನ್ನು ಅರೆದು ಹಿಂಡುತ್ತವೆ. ಆ ಹಿಂಡುವಿಕೆಯನ್ನು ತಾಳುವ ಶಕ್ತಿಯನ್ನು ಬೇಡುತ್ತವೆ. ಕ್ಲಚ್ಚು ಇವೆರಡಕ್ಕೂ ವಿರುದ್ಧವಾದುದನ್ನು ಬೇಡುತ್ತದೆ: ಅದಕ್ಕೆ ಹಿಡಿತ ಬೇಕು. ಪದರಪದರವಾಗಿ ಜೋಡಿಸಿದ ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲಿ ನೆನೆದಿದ್ದೂ ಪರಸ್ಪರ ಬಿಗಿಯಾಗಿ ಹಿಡಿದುಕೊಂಡರೆ ಮಾತ್ರ ಎಂಜಿನಿನ ಶಕ್ತಿ ಗಾಲಿಗೆ ತಲುಪುತ್ತದೆ. ಜಾರಿಸಲೂ ಬೇಕು, ಹಿಡಿಯಲೂ ಬೇಕು. ಮೋಟಾರು ಸೈಕಲ್ಲಿನ ಎಣ್ಣೆಯ ಸಮಸ್ತ ಕಷ್ಟವೂ ಈ ಒಂದು ಮಾತಿನಲ್ಲಿ ಅಡಗಿದೆ.

ಎಣ್ಣೆಯ ಪ್ರಮಾಣವನ್ನೂ ಗಮನಿಸಬೇಕು. ಕಾರಿನಲ್ಲಿ ಮೂರು ನಾಲ್ಕು ಲೀಟರು ಎಣ್ಣೆ ಇದ್ದರೆ ಈ ಬಂಡಿಗಳಲ್ಲಿ ಇರುವುದು ಸುಮಾರು ಒಂದು ಲೀಟರು. ಉಷ್ಣವನ್ನೂ ಮಸಿಯನ್ನೂ ಲೋಹದ ಪುಡಿಯನ್ನೂ ಹೊರಬೇಕಾದುದು ಅಷ್ಟೇ ಎಣ್ಣೆ. ಎಂಜಿನಿಗೆ ತಂಪು ದೊರೆಯುವುದು ಅದರ ಲೋಹದ ರೆಕ್ಕೆಗಳ ಮೇಲೆ ಬೀಸುವ ಗಾಳಿಯಿಂದ. ಸಂದಣಿಯಲ್ಲಿ ಬಂಡಿ ನಿಂತಾಗ ಆ ಗಾಳಿಯೂ ಇಲ್ಲ.

೩. ಡಬ್ಬಿಯ ಮೇಲಿನ ಮೂರು ಗುರುತುಗಳು

ಎಣ್ಣೆಯ ಡಬ್ಬಿಯ ಮೇಲೆ ಅನೇಕ ಬಣ್ಣದ ಮಾತುಗಳಿರುತ್ತವೆ. ಅವುಗಳಲ್ಲಿ ಶಾಸ್ತ್ರೀಯ ಅರ್ಥವುಳ್ಳವು ಮೂರು.

ಮೊದಲನೆಯದು ಸ್ನಿಗ್ಧತೆಯ ಗುರುತು. ಅಮೆರಿಕದ ಮೋಟಾರು ಎಂಜಿನಿಯರರ ಸಂಘವು, ಎಂದರೆ ಎಸ್‌ಎಇ, ೧೯೧೧ರಲ್ಲಿ ಪ್ರಾರಂಭಿಸಿದ ವರ್ಗೀಕರಣದಿಂದ ಬೆಳೆದು ಬಂದದ್ದು ಇದು. ‘೨೦ಡಬ್ಲ್ಯು-೫೦’ ಎಂಬಲ್ಲಿ ಡಬ್ಲ್ಯು ಎಂಬುದು ಚಳಿಗಾಲವನ್ನು ಸೂಚಿಸುವ ಇಂಗ್ಲಿಷು ಪದದ ಮೊದಲ ಅಕ್ಷರ. ಅದರ ಹಿಂದಿನ ಸಂಖ್ಯೆ ಚಳಿಯಲ್ಲಿ ಎಣ್ಣೆಯ ವರ್ತನೆಯನ್ನು ಹೇಳುತ್ತದೆ. ೨೦ಡಬ್ಲ್ಯು ವರ್ಗದ ಎಣ್ಣೆ ಎಂಜಿನನ್ನು ಚಾಲೂ ಮಾಡಲು ಒಡ್ಡುವ ಅಡ್ಡಿಯನ್ನು ಅಳೆಯುವುದು ಶೂನ್ಯಕ್ಕಿಂತ ೧೫ ಡಿಗ್ರಿ ಸೆಲ್ಸಿಯಸ್ ಕೆಳಗೆ, ೧೦ಡಬ್ಲ್ಯು ವರ್ಗದ್ದನ್ನು ಅಳೆಯುವುದು ೨೫ ಡಿಗ್ರಿ ಕೆಳಗೆ. ಕಂಪಾಲದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಅಂಥ ಚಳಿ ಎಂದೂ ಬಾರದು. ಕೊನೆಯ ಸಂಖ್ಯೆ ೧೦೦ ಡಿಗ್ರಿ ಉಷ್ಣತೆಯಲ್ಲಿ ಎಣ್ಣೆಯ ಸ್ನಿಗ್ಧತೆಯನ್ನು ಸೂಚಿಸುತ್ತದೆ: ೩೦ ಎಂದರೆ ೯.೩ರಿಂದ ೧೨.೫ ಸೆಂಟಿಸ್ಟೋಕು, ೪೦ ಎಂದರೆ ೧೨.೫ರಿಂದ ೧೬.೩, ೫೦ ಎಂದರೆ ೧೬.೩ರಿಂದ ೨೧.೯. ನಮ್ಮಂಥ ಹವೆಯಲ್ಲಿ ಹೆಚ್ಚಿನ ಗಮನಕ್ಕೆ ಪಾತ್ರವಾಗಬೇಕಾದುದು ಈ ಕೊನೆಯ ಸಂಖ್ಯೆ.

ಎರಡನೆಯದು ಗುಣಮಟ್ಟದ ಗುರುತು. ಇದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯದು, ಎಂದರೆ ಎಪಿಐ. ಪೆಟ್ರೋಲ್ ಎಂಜಿನಿನ ಎಣ್ಣೆಗಳಿಗೆ ‘ಎಸ್’ ಅಕ್ಷರದೊಡನೆ ಇನ್ನೊಂದು ಅಕ್ಷರ ಸೇರುತ್ತದೆ: ಎಸ್‌ಜಿ, ಎಸ್‌ಜೆ, ಎಸ್‌ಎಲ್, ಎಸ್‌ಎಂ, ಎಸ್‌ಎನ್, ಎಸ್‌ಪಿ. ಅಕ್ಷರಮಾಲೆಯಲ್ಲಿ ಮುಂದೆ ಹೋದಂತೆ ವರ್ಗ ಹೊಸದು. ಎಸ್‌ಎಲ್ ೨೦೦೧ರದು, ಎಸ್‌ಎನ್ ೨೦೧೦ರದು, ಎಸ್‌ಪಿ ೨೦೨೦ರದು. ಹೊಸ ವರ್ಗದ ಎಣ್ಣೆ ಮಸಿಯನ್ನೂ ಉಷ್ಣವನ್ನೂ ಹೆಚ್ಚು ತಾಳುತ್ತದೆ. ಆದರೆ ಈ ವರ್ಗಗಳು ರೂಪುಗೊಂಡದ್ದು ಕಾರುಗಳಿಗಾಗಿ ಎಂಬುದನ್ನು ಮರೆಯಲಾಗದು.

ಮೂರನೆಯ ಗುರುತು ಹುಟ್ಟಿದ್ದು ಈ ಕಾರಣದಿಂದಲೇ. ಇಂಧನವನ್ನು ಉಳಿಸುವ ಸಲುವಾಗಿ ಕಾರಿನ ಎಣ್ಣೆಗಳಿಗೆ ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳನ್ನು ಬೆರೆಸುವುದು ೧೯೯೦ರ ದಶಕದ ವೇಳೆಗೆ ವ್ಯಾಪಕವಾಯಿತು. ಕಾರಿಗೆ ಇದು ಲಾಭ; ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚಿಗೆ ಇದು ಹಾನಿ. ಆದುದರಿಂದ ಜಪಾನಿನ ವಾಹನ ಮಾನಕ ಸಂಸ್ಥೆಯಾದ ಜಾಸೋ ೧೯೯೮ರಲ್ಲಿ ನಾಲ್ಕು ಸ್ಟ್ರೋಕಿನ ಮೋಟಾರು ಸೈಕಲ್ಲುಗಳಿಗಾಗಿ ‘ಟಿ ೯೦೩’ ಎಂಬ ಪ್ರತ್ಯೇಕ ಮಾನಕವನ್ನು ರಚಿಸಿತು. ಕ್ಲಚ್ ಪ್ಲೇಟುಗಳನ್ನು ಎಣ್ಣೆಯಲ್ಲಿ ಮುಳುಗಿಸಿ, ಚಲಿಸುವಾಗಿನ ಘರ್ಷಣೆ, ನಿಂತಿರುವಾಗಿನ ಘರ್ಷಣೆ, ನಿಲ್ಲಲು ತಗಲುವ ಕಾಲ ಈ ಮೂರನ್ನೂ ಅಳೆದು ಎಣ್ಣೆಯನ್ನು ವಿಂಗಡಿಸುತ್ತಾರೆ. ಹಿಡಿತವುಳ್ಳದ್ದು ‘ಎಂಎ’, ಅದರೊಳಗೆಯೇ ಹೆಚ್ಚು ಹಿಡಿತದ್ದು ‘ಎಂಎ೨’, ಸ್ವಲ್ಪ ಕಡಿಮೆಯದು ‘ಎಂಎ೧’. ಹಿಡಿತ ಕಡಿಮೆಯಾಗಿ ಜಾರುವ ಗುಣ ಹೆಚ್ಚಾಗಿರುವುದು ‘ಎಂಬಿ’. ಕ್ಲಚ್ಚು ಎಣ್ಣೆಯ ಹೊರಗೆ ಒಣಗಿರುವ, ಗೇರಿಲ್ಲದ ಸ್ಕೂಟರುಗಳಿಗೆ ಇದು ಸಲ್ಲುತ್ತದೆ. ಇದೇ ಮಾನಕವು ಎಣ್ಣೆಯಲ್ಲಿ ರಂಜಕದ ಅಂಶ ಶೇಕಡ ೦.೦೮ಕ್ಕಿಂತ ಕಡಿಮೆಯಾಗಬಾರದು, ೦.೧೨ಕ್ಕಿಂತ ಹೆಚ್ಚಾಗಬಾರದು ಎಂದೂ ವಿಧಿಸಿದೆ. ಕೆಳಗಿನ ಮಿತಿ ಸವೆತದಿಂದ ರಕ್ಷಣೆಗಾಗಿ. ಮೇಲಿನ ಮಿತಿ ಹೊಗೆಕೊಳವೆಯಲ್ಲಿನ ಶೋಧಕಕ್ಕೆ ಹಾನಿಯಾಗದಿರಲೆಂದು.

ಈ ಮೂರು ಗುರುತುಗಳಲ್ಲಿ ಗೇರುಳ್ಳ ಬಾಡಿಗೆಯ ಬಂಡಿಗೆ ಮೊದಲು ನೋಡತಕ್ಕದ್ದು ಜಾಸೋ ಗುರುತನ್ನು. ೧೦ಡಬ್ಲ್ಯು-೩೦ ಎಂಬ ಸಂಖ್ಯೆ ಕಾರಿನ ಎಣ್ಣೆಯ ಮೇಲೂ ಇರುತ್ತದೆ, ಮೋಟಾರು ಸೈಕಲ್ಲಿನ ಎಣ್ಣೆಯ ಮೇಲೂ ಇರುತ್ತದೆ. ಸಂಖ್ಯೆ ಒಂದೇ ಆದರೂ ಗುಣ ಒಂದಲ್ಲ. ಕಾರಿನ ಎಣ್ಣೆಯನ್ನು ತುಂಬಿದ ದಿನ ಏನೂ ಕಾಣಿಸದೆ ಹೋಗಬಹುದು. ಕ್ರಮೇಣ ಏರುದಾರಿಯಲ್ಲಿ ಪ್ರಯಾಣಿಕನನ್ನು ಹೊತ್ತು ವೇಗವೇರಿಸಿದಾಗ ಎಂಜಿನಿನ ಸದ್ದು ಏರುತ್ತದೆ, ಬಂಡಿಯ ವೇಗ ಏರುವುದಿಲ್ಲ. ಇದು ಕ್ಲಚ್ಚು ಜಾರುತ್ತಿರುವುದರ ಲಕ್ಷಣ. ಜಾರುವ ಪ್ಲೇಟು ಕಾಯುತ್ತದೆ, ಕಾದ ಪ್ಲೇಟು ಸುಡುತ್ತದೆ, ಅದರ ಪುಡಿ ಎಣ್ಣೆಯಲ್ಲಿ ಸೇರಿ ಎಂಜಿನನ್ನೆಲ್ಲ ಸುತ್ತುತ್ತದೆ. ಸಂದಣಿಯ ರಸ್ತೆಯನ್ನು ದಾಟುತ್ತಿರುವಾಗ ಬಂಡಿ ಮುಂದೆ ಸಾಗದಿದ್ದರೆ ಹಿಂದೆ ಕುಳಿತವರ ಜೀವಕ್ಕೂ ಅಪಾಯ.

೪. ಮಂದವಾದ ಎಣ್ಣೆ ಬಲವಾದ ಎಣ್ಣೆಯೇ?

ಸವಾರರಲ್ಲಿಯೂ ರಸ್ತೆಬದಿಯ ಮೆಕ್ಯಾನಿಕ್ಕರಲ್ಲಿಯೂ ಎಣ್ಣೆ ಮಂದವಾದಷ್ಟೂ ಎಂಜಿನಿಗೆ ಒಳ್ಳೆಯದೆಂಬ ನಂಬಿಕೆ ಪ್ರಬಲವಾಗಿದೆ. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಮಂದವಾದ ಎಣ್ಣೆಯ ಪೊರೆ ದಪ್ಪ. ಭಾರ ಹೆಚ್ಚಾದಾಗ, ಉಷ್ಣ ಏರಿದಾಗ ಅದು ಬೇಗ ಹರಿಯದು. ಆದರೆ ಎಣ್ಣೆಯ ಕೆಲಸ ಪೊರೆಯನ್ನು ನಿರ್ಮಿಸುವುದಷ್ಟೇ ಅಲ್ಲ. ಹರಿದು ಹೋಗಿ ಉಷ್ಣವನ್ನು ಹೊತ್ತು ತರುವುದೂ ಹೌದು. ಇಕ್ಕಟ್ಟಾದ ರಂಧ್ರಗಳ ಮೂಲಕ ಕ್ಯಾಮ್‌ಗಳ ತನಕ ಏರಬೇಕಾದ ಎಣ್ಣೆ ಅಗತ್ಯಕ್ಕಿಂತ ಮಂದವಾದರೆ ಬೆಳಗಿನ ಮೊದಲ ನಿಮಿಷಗಳಲ್ಲಿ ಅಲ್ಲಿಗೆ ತಡವಾಗಿ ತಲುಪುತ್ತದೆ. ಎಣ್ಣೆಯನ್ನು ಕಲಕುವುದರಲ್ಲಿಯೇ ಎಂಜಿನಿನ ಶಕ್ತಿಯ ಒಂದು ಪಾಲು ವ್ಯಯವಾಗಿ ಪೆಟ್ರೋಲು ಹೆಚ್ಚು ಖರ್ಚಾಗುತ್ತದೆ.

ಎಂಜಿನಿನ ಅಂಗಗಳ ನಡುವಣ ಸಂದುಗಳನ್ನೂ ಪಂಪಿನ ಗಾತ್ರವನ್ನೂ ತಯಾರಕರು ಒಂದು ನಿರ್ದಿಷ್ಟ ಸ್ನಿಗ್ಧತೆಗೆ ತಕ್ಕಂತೆ ನಿಶ್ಚಯಿಸಿರುತ್ತಾರೆ. ಹೀರೋ ಸ್ಪ್ಲೆಂಡರಿನ ಎಂಜಿನಿಗೆ ೧೦ಡಬ್ಲ್ಯು-೩೦ ಹೇಳಿದ್ದರೆ, ಬಜಾಜ್ ಕಂಪನಿಯ ಅನೇಕ ಬಂಡಿಗಳಿಗೆ ೨೦ಡಬ್ಲ್ಯು-೫೦ ಹೇಳಿದೆ. ಒಂದು ಮೇಲು, ಇನ್ನೊಂದು ಕೀಳು ಎಂಬುದು ಇದರ ಅರ್ಥವಲ್ಲ. ಎರಡು ರಚನೆಗಳು ಬೇರೆ ಎಂಬುದಷ್ಟೇ. ಆದುದರಿಂದ ಬಂಡಿಯೊಡನೆ ಬಂದ ಕೈಪಿಡಿಯನ್ನು ಮೊದಲ ಪ್ರಮಾಣವಾಗಿ ಸ್ವೀಕರಿಸಬೇಕು. ಕೈಪಿಡಿಯೇ ಹವೆಗೆ ತಕ್ಕಂತೆ ಎರಡು ಮೂರು ದರ್ಜೆಗಳನ್ನು ಕೊಟ್ಟಿದ್ದರೆ, ಭಾರ ಹೊತ್ತು ಸಂದಣಿಯಲ್ಲಿ ದುಡಿಯುವ ಬಂಡಿಗೆ ಅವುಗಳಲ್ಲಿ ಕೊನೆಯ ಸಂಖ್ಯೆ ದೊಡ್ಡದಾಗಿರುವುದನ್ನು ಆರಿಸುವುದು ಯುಕ್ತ. ಬಹಳ ಓಡಿ ಸವೆದು ಎಣ್ಣೆಯನ್ನು ಕುಡಿಯಲಾರಂಭಿಸಿದ ಎಂಜಿನಿಗೆ ಒಂದು ದರ್ಜೆ ಮಂದವಾದುದನ್ನು ಹಾಕುವುದು ತಾತ್ಕಾಲಿಕ ಉಪಶಮನವಾದೀತೇ ಹೊರತು ಸವೆತಕ್ಕೆ ಚಿಕಿತ್ಸೆಯಾಗದು.

ಇಲ್ಲಿ ಇನ್ನೊಂದು ಅಂಶವನ್ನು ಹೇಳಬೇಕು. ಬಹುದರ್ಜೆಯ ಎಣ್ಣೆ ಬಿಸಿಯಲ್ಲಿ ತೀರ ತೆಳುವಾಗದಂತೆ ತಡೆಯುವುದು ಅದರಲ್ಲಿ ಕರಗಿಸಿದ ಉದ್ದನೆಯ ಅಣುಸರಪಳಿಗಳು. ಗೇರಿನ ಹಲ್ಲುಗಳು ಈ ಸರಪಳಿಗಳನ್ನು ದಿನದಿನವೂ ಕತ್ತರಿಸುತ್ತವೆ. ಹೊಸದಾಗಿ ಹಾಕಿದಾಗ ೫೦ರ ದರ್ಜೆಯಲ್ಲಿದ್ದ ಎಣ್ಣೆ ಕೆಲವು ಸಾವಿರ ಕಿಲೋಮೀಟರುಗಳ ಬಳಿಕ ೪೦ರ ದರ್ಜೆಗೆ ಇಳಿಯುವುದು ಈ ಕಾರಣದಿಂದ. ಡಬ್ಬಿಯ ಮೇಲಿನ ಸಂಖ್ಯೆ ಎಣ್ಣೆಯ ಜನ್ಮಲಕ್ಷಣವನ್ನು ಹೇಳುತ್ತದೆ. ಅದರ ಇಂದಿನ ಸ್ಥಿತಿಯನ್ನಲ್ಲ.

೫. ಖನಿಜ ಎಣ್ಣೆ, ಸಿಂಥೆಟಿಕ್ ಎಣ್ಣೆ, ಲಾರಿಯ ಎಣ್ಣೆ

ಸಿಂಥೆಟಿಕ್ ಎಣ್ಣೆಗಳು ಉಷ್ಣಕ್ಕೆ ಬೇಗ ಕೆಡುವುದಿಲ್ಲ, ಕಡಿಮೆ ಆವಿಯಾಗುತ್ತವೆ, ಉಷ್ಣತೆಯೊಡನೆ ಅವುಗಳ ಸ್ನಿಗ್ಧತೆ ಕಡಿಮೆ ಏರುಪೇರಾಗುತ್ತದೆ. ಇವು ನಿಜವಾದ ಗುಣಗಳು. ಆದರೆ ಇವುಗಳ ಬೆಲೆ ಖನಿಜ ಎಣ್ಣೆಗಿಂತ ಬಹಳ ಹೆಚ್ಚು. ಆ ಬೆಲೆ ಕೊಟ್ಟ ಸವಾರನು ಸಹಜವಾಗಿಯೇ ಅದನ್ನು ಬಹುಕಾಲ ಬಳಸಲು ಬಯಸುತ್ತಾನೆ. ತೊಡಕಿರುವುದು ಇಲ್ಲಿಯೇ. ಈ ಬಂಡಿಗಳಲ್ಲಿ ಅನೇಕವಕ್ಕೆ ಕಾರಿನಲ್ಲಿರುವಂಥ ಕಾಗದದ ಸೂಕ್ಷ್ಮ ಶೋಧಕವಿಲ್ಲ. ಇರುವುದು ಒಂದು ತಂತಿಬಲೆ, ಕೆಲವದರಲ್ಲಿ ತಿರುಗುವ ರಭಸಕ್ಕೆ ಕಸವನ್ನು ಅಂಚಿಗೆ ಎಸೆಯುವ ಒಂದು ಬಟ್ಟಲು. ಅತಿ ಸೂಕ್ಷ್ಮವಾದ ಧೂಳೂ ಕ್ಲಚ್ಚಿನ ಪುಡಿಯೂ ಎಣ್ಣೆಯಲ್ಲಿಯೇ ಉಳಿಯುತ್ತವೆ. ಎಣ್ಣೆ ಸಿಂಥೆಟಿಕ್ ಆದ ಮಾತ್ರಕ್ಕೆ ಈ ಕಶ್ಮಲ ಮಾಯವಾಗುವುದಿಲ್ಲ. ಎಣ್ಣೆಯನ್ನು ಇಳಿಸಿದರೆ ಮಾತ್ರ ಹೊರಹೋಗುತ್ತದೆ. ಆದುದರಿಂದ ಸರಿಯಾದ ದರ್ಜೆಯ ಖನಿಜ ಎಣ್ಣೆಯನ್ನು ಸಕಾಲದಲ್ಲಿ ಬದಲಿಸುವುದು, ಬೆಲೆಬಾಳುವ ಸಿಂಥೆಟಿಕ್ ಎಣ್ಣೆಯನ್ನು ಮಿತಿಮೀರಿ ಬಳಸುವುದಕ್ಕಿಂತ ಮೇಲು ಎಂದು ನಮ್ಮ ಅಭಿಪ್ರಾಯ.

ಕೆಲವರು ಲಾರಿಯ ಡೀಸೆಲ್ ಎಂಜಿನಿನ ೧೫ಡಬ್ಲ್ಯು-೪೦ ಎಣ್ಣೆಯನ್ನು ಹಾಕುವುದುಂಟು. ಸಾಮಾನ್ಯವಾಗಿ ಅದರಲ್ಲಿ ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳಿಲ್ಲದ ಕಾರಣ ಕ್ಲಚ್ಚು ಒಡನೆಯೇ ಜಾರದು. ಇದರಿಂದ ಆ ಪದ್ಧತಿ ನಿರಪಾಯಕರವೆಂಬ ಭಾವನೆ ಬೆಳೆದಿದೆ. ಆದರೆ ಡೀಸೆಲಿನ ಮಸಿಯನ್ನು ತೊಳೆಯಲೆಂದು ಅದಕ್ಕೆ ಬೆರೆಸಿದ ಲೋಹಲವಣಗಳು ಉರಿದಾಗ ಬೂದಿಯಾಗಿ ಉಳಿಯುತ್ತವೆ. ಜಾಸೋ ಮಾನಕ ಎಣ್ಣೆಯಲ್ಲಿ ಈ ಬೂದಿಯ ಅಂಶ ಶೇಕಡ ೧.೨ನ್ನು ಮೀರಬಾರದೆಂದು ಹೇಳುತ್ತದೆ. ಲಾರಿಯ ಎಣ್ಣೆಗಳಲ್ಲಿ ಅನೇಕವು ಇದನ್ನು ಮೀರುತ್ತವೆ. ಬೂದಿ ಪಿಸ್ಟನಿನ ತಲೆಯ ಮೇಲೂ ಸ್ಪಾರ್ಕ್ ಪ್ಲಗ್ಗಿನ ಮೇಲೂ ಕೂಡಿದರೆ ಇಂಧನ ಅಕಾಲದಲ್ಲಿ ಹೊತ್ತಿಕೊಳ್ಳುವ ಸಂಭವವುಂಟು. ಲಾರಿಯ ಎಣ್ಣೆಯ ಡಬ್ಬಿಯ ಮೇಲೆ ಜಾಸೋ ಎಂಎ ಗುರುತೂ ಇದ್ದರೆ ಈ ಆಕ್ಷೇಪಣೆ ಇರುವುದಿಲ್ಲ.

ತೆರೆದ ಪೀಪಾಯಿಯಿಂದ ಅಳತೆಯಲ್ಲಿ ಮಾರುವ ಬಿಡಿ ಎಣ್ಣೆಯ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪವೇ. ಅದರ ದರ್ಜೆಯನ್ನಾಗಲಿ ವಯಸ್ಸನ್ನಾಗಲಿ ಅರಿಯುವ ಮಾರ್ಗ ಕೊಳ್ಳುವವನಿಗೆ ಇಲ್ಲ. ಮುಚ್ಚಳದ ಮುದ್ರೆ ಒಡೆಯದ ಡಬ್ಬಿಯನ್ನೇ ಕೊಳ್ಳಬೇಕು; ಬರಿದಾದ ಡಬ್ಬಿಯನ್ನು ತೂತು ಮಾಡಿ ಎಸೆಯಬೇಕು. ಹಾಗೆ ಮಾಡದಿದ್ದರೆ ಅದು ನಕಲಿ ಎಣ್ಣೆಯನ್ನು ತುಂಬಿಕೊಂಡು ಮತ್ತೆ ಅಂಗಡಿಗೆ ಬರಬಹುದು.

೬. ಯಾವಾಗ ಬದಲಿಸಬೇಕು?

ಎಣ್ಣೆ ಬದಲಿಸುವ ಅವಧಿಯನ್ನು ಕೈಪಿಡಿಗಳು ಕಿಲೋಮೀಟರುಗಳಲ್ಲಿ ಕೊಡುತ್ತವೆ. ಬಾಡಿಗೆಯ ಬಂಡಿಯ ವಿಷಯದಲ್ಲಿ ಈ ಅಳತೆ ಮೋಸ ಮಾಡುತ್ತದೆ. ಉದಾಹರಣೆಗಾಗಿ ೩೦೦೦ ಕಿಲೋಮೀಟರಿನ ಅವಧಿಯನ್ನು ತೆಗೆದುಕೊಳ್ಳೋಣ. ಗಂಟೆಗೆ ಸರಾಸರಿ ೪೦ ಕಿಲೋಮೀಟರಿನಂತೆ ಬಯಲು ರಸ್ತೆಯಲ್ಲಿ ಓಡುವ ಬಂಡಿಯ ಎಂಜಿನು ಆ ಅವಧಿಯಲ್ಲಿ ೭೫ ಗಂಟೆ ದುಡಿಯುತ್ತದೆ. ನಗರದ ಸಂದಣಿಯಲ್ಲಿ ಸರಾಸರಿ ೨೦ ಕಿಲೋಮೀಟರಿನ ವೇಗದ ಬಂಡಿ ಅಷ್ಟೇ ದೂರಕ್ಕೆ ೧೫೦ ಗಂಟೆ ದುಡಿಯುತ್ತದೆ. ಮೀಟರು ಎರಡಕ್ಕೂ ಒಂದೇ ಸಂಖ್ಯೆಯನ್ನು ತೋರಿಸುತ್ತದೆ. ಎಣ್ಣೆ ಅನುಭವಿಸಿದುದು ಎರಡರಷ್ಟು. ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಎಣ್ಣೆ ಆಮ್ಲಜನಕದೊಡನೆ ಕೂಡಿ ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿಸುತ್ತದೆಂಬ ಸ್ಥೂಲ ನಿಯಮವನ್ನೂ ಇದರೊಡನೆ ಸೇರಿಸಿಕೊಂಡರೆ ವ್ಯತ್ಯಾಸ ಇನ್ನೂ ಹಿಗ್ಗುತ್ತದೆ.

ಆದುದರಿಂದ ಕೈಪಿಡಿಯ ಅವಧಿಯಲ್ಲಿ ಅರ್ಧದಿಂದ ಮೂರನೆಯ ಎರಡು ಪಾಲನ್ನು ಮಾತ್ರ ಬಾಡಿಗೆಯ ಬಂಡಿಗೆ ಇಟ್ಟುಕೊಳ್ಳುವುದು ಕ್ಷೇಮ. ೩೦೦೦ ಎಂದಿದ್ದರೆ ೧೫೦೦ರಿಂದ ೨೦೦೦. ದಿನಕ್ಕೆ ನೂರು ಕಿಲೋಮೀಟರು ಓಡುವವನಿಗೆ ಇದು ಹದಿನೈದು ಇಪ್ಪತ್ತು ದಿನಗಳಿಗೆ ಒಮ್ಮೆ ಬರುತ್ತದೆ. ಹೊಸ ಬಂಡಿಯ ಮೊದಲ ಬದಲಾವಣೆಯನ್ನು ಕೈಪಿಡಿ ಹೇಳಿದ ಕಾಲಕ್ಕೆ ತಪ್ಪದೆ ಮಾಡಬೇಕು. ಅಂಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರಿದ ಲೋಹದ ಪುಡಿ ಆ ಮೊದಲ ಎಣ್ಣೆಯಲ್ಲಿರುತ್ತದೆ.

ಬದಲಾವಣೆಗಳ ನಡುವೆ ಎಣ್ಣೆಯ ಮಟ್ಟವನ್ನು ನೋಡುವುದು ಇದಕ್ಕಿಂತಲೂ ಮುಖ್ಯ. ಒಂದು ಲೀಟರಿನಲ್ಲಿ ಮುನ್ನೂರು ಮಿಲಿಲೀಟರು ಉರಿದುಹೋದರೆ ಉಳಿದ ಎಣ್ಣೆ ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚು. ಎಲ್ಲ ಉಷ್ಣವೂ ಎಲ್ಲ ಕಶ್ಮಲವೂ ಅದರ ಪಾಲಿಗೆ. ಸಮತಟ್ಟಾದ ನೆಲದ ಮೇಲೆ ಬಂಡಿಯನ್ನು ಜೋಡು ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ, ಎಂಜಿನನ್ನು ಕೆಲವು ನಿಮಿಷ ಓಡಿಸಿ ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಅಳತೆಯ ಕಡ್ಡಿಯನ್ನು ನೋಡಬೇಕು. ಓರೆಯಾಗಿ ನಿಂತ ಬಂಡಿಯಲ್ಲಿ ಕಂಡ ಮಟ್ಟ ನಿಜವಾದುದಲ್ಲ. ಎಣ್ಣೆ ಕಪ್ಪಾದುದು ಮಾತ್ರದಿಂದ ಕ್ಷೀಣಿಸಿತೆಂದು ತಿಳಿಯಬಾರದು. ಮಸಿಯನ್ನು ತೊಳೆದು ಹೊತ್ತಿರುವುದಕ್ಕೆ ಅದು ಸಾಕ್ಷಿ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಬೆರಳ ನಡುವೆ ತಿಕ್ಕಿದಾಗ ಮರಳಿನ ಸ್ಪರ್ಶ ಸಿಕ್ಕಿದರೆ ಗಾಳಿಯ ಶೋಧಕ ಕೆಟ್ಟಿದೆ. ಈ ಎರಡರಲ್ಲಿ ಯಾವುದು ಕಂಡರೂ ಅವಧಿಯನ್ನು ಕಾಯದೆ ಬದಲಿಸಬೇಕು.

ಇಳಿಸಿದ ಎಣ್ಣೆಯನ್ನು ಚರಂಡಿಗೋ ಮಣ್ಣಿಗೋ ಸುರಿಯುವುದು ದೊಡ್ಡ ಅಪರಾಧ. ನಮ್ಮ ದೇಶದ ೨೦೧೬ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕರ ತ್ಯಾಜ್ಯಗಳಲ್ಲಿ ಎಣಿಸಿವೆ.

೭. ಬೆಲೆಯ ಲೆಕ್ಕ

ಸವಾರನ ಕಡೆಯಿಂದ ಬರುವ ಆಕ್ಷೇಪಣೆ ನ್ಯಾಯವಾದುದು: ಇಷ್ಟು ಬೇಗ ಬದಲಿಸಿದರೆ ಖರ್ಚನ್ನು ತೂಗಿಸುವುದು ಹೇಗೆ? ಲೆಕ್ಕದ ಸಲುವಾಗಿ ಎಣ್ಣೆ ಲೀಟರಿಗೆ ೪೦೦ ರೂಪಾಯಿ, ಪೆಟ್ರೋಲು ಲೀಟರಿಗೆ ೧೦೦ ರೂಪಾಯಿ, ಬಂಡಿ ಲೀಟರಿಗೆ ೫೦ ಕಿಲೋಮೀಟರು ಓಡುತ್ತದೆ ಎಂದು ಇಟ್ಟುಕೊಳ್ಳೋಣ. ೨೦೦೦ ಕಿಲೋಮೀಟರಿಗೊಮ್ಮೆ ಬದಲಿಸಿದರೆ ಕಿಲೋಮೀಟರಿಗೆ ಎಣ್ಣೆಯ ಖರ್ಚು ೨೦ ಪೈಸೆ. ಪೆಟ್ರೋಲಿನ ಖರ್ಚು ೨ ರೂಪಾಯಿ. ಎಣ್ಣೆಯದು ಪೆಟ್ರೋಲಿನ ಹತ್ತನೆಯ ಒಂದು ಪಾಲು. ೩೦೦ ರೂಪಾಯಿಯ ಗುರುತಿಲ್ಲದ ಎಣ್ಣೆಯನ್ನು ಕೊಂಡು ಉಳಿಸುವುದು ಕಿಲೋಮೀಟರಿಗೆ ೫ ಪೈಸೆ, ನೂರು ಕಿಲೋಮೀಟರಿನ ದಿನಕ್ಕೆ ೫ ರೂಪಾಯಿ. ಒಳ್ಳೆಯ ಎಣ್ಣೆಯನ್ನೇ ಎರಡರಷ್ಟು ದೂರ ಬಳಸಿ ಉಳಿಸುವುದು ದಿನಕ್ಕೆ ೧೦ ರೂಪಾಯಿ. ಇದಕ್ಕೆ ಪ್ರತಿಯಾಗಿ ಒಡ್ಡುವುದು ಕ್ಲಚ್ ಪ್ಲೇಟುಗಳನ್ನು, ಪಿಸ್ಟನನ್ನು, ಸಿಲಿಂಡರನ್ನು. ಎಲ್ಲಕ್ಕಿಂತ ಹೆಚ್ಚಾಗಿ, ಎಂಜಿನು ಬಿಚ್ಚಿ ಮಲಗಿರುವ ದಿನಗಳ ಸಂಪಾದನೆಯನ್ನು. ಬೆಲೆಗಳು ಊರಿಂದೂರಿಗೆ ಬದಲಾದರೂ ಈ ಅನುಪಾತ ಹೆಚ್ಚು ಬದಲಾಗದು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿಸುವ ಕ್ರಮ ಇದು. ಗೇರುಳ್ಳ ಬಂಡಿಗೆ ಮೊದಲು ಕೈಪಿಡಿ ಹೇಳಿದ ಜಾಸೋ ವರ್ಗ, ಬಹುಮಟ್ಟಿಗೆ ಎಂಎ ಅಥವಾ ಎಂಎ೨, ಅನಂತರ ಕೈಪಿಡಿ ಹೇಳಿದ ಸ್ನಿಗ್ಧತೆ, ಆಮೇಲೆ ಕೈಪಿಡಿ ಹೇಳಿದ ಅಥವಾ ಅದಕ್ಕಿಂತ ಹೊಸದಾದ ಎಪಿಐ ವರ್ಗ, ಕೊನೆಗೆ ಬೆಲೆ. ಇವೆಲ್ಲ ಸಿದ್ಧಿಸಿದ ಮೇಲೆ ಉಳಿದ ಹಿರಿಮೆಯೆಲ್ಲ ಸಕಾಲದಲ್ಲಿ ಬದಲಿಸುವುದಕ್ಕೂ ಮಟ್ಟವನ್ನು ನೋಡಿಕೊಳ್ಳುವುದಕ್ಕೂ ಸೇರಿದ್ದು. ತಯಾರಕರ ಹೆಸರಿಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲವೆಂಬುದನ್ನು ವಾಚಕರು ಗಮನಿಸಬಹುದು.

ಕೈಪಿಡಿಯ ಅವಧಿಯನ್ನು ಎಷ್ಟು ತಗ್ಗಿಸಬೇಕೆಂಬ ಪ್ರಶ್ನೆಗೆ ನಾವು ಕೊಟ್ಟಿರುವುದು ತರ್ಕದಿಂದ ಪಡೆದ ಉತ್ತರ. ಅದನ್ನು ಅಳತೆಯಿಂದ ಖಚಿತಪಡಿಸುವುದು ನಮ್ಮ ಕಾಲೇಜುಗಳಿಗೆ ಅಸಾಧ್ಯವೇನಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ರೆಡ್‌ವುಡ್ ಸ್ನಿಗ್ಧತಾಮಾಪಕ ಅಪರೂಪದ ವಸ್ತುವಲ್ಲ. ಊರಿನ ಹತ್ತು ಬಾಡಿಗೆ ಬಂಡಿಗಳಿಂದ ಐನೂರು ಕಿಲೋಮೀಟರಿಗೊಮ್ಮೆ ಒಂದಿಷ್ಟು ಎಣ್ಣೆಯನ್ನು ತೆಗೆದು, ತೆಗೆದಷ್ಟೇ ಹೊಸ ಎಣ್ಣೆಯನ್ನು ತುಂಬಿಕೊಟ್ಟು, ಸ್ನಿಗ್ಧತೆ ಎಷ್ಟು ಇಳಿಯಿತೆಂದು ವಿದ್ಯಾರ್ಥಿಗಳು ಅಳೆಯಬಹುದು. ಶೋಧಕ ಕಾಗದದ ಮೇಲೆ ಒಂದು ಹನಿ ಹಾಕಿ ಒಣಗಿಸಿದರೆ, ಮಸಿಯನ್ನು ಹೊರುವ ಶಕ್ತಿ ಉಳಿದಿರುವ ಎಣ್ಣೆ ಸಮವಾಗಿ ಹರಡುತ್ತದೆ. ಶಕ್ತಿ ಕುಂದಿದ ಎಣ್ಣೆ ನಡುವೆ ಕಪ್ಪು ಬೊಟ್ಟಾಗಿ ಉಳಿಯುತ್ತದೆ. ದೊರೆತ ಫಲವನ್ನು ತಿಳಿಗನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಸವಾರರು ಸೇರುವ ಸ್ಟ್ಯಾಂಡಿನಲ್ಲಿ ಅಂಟಿಸಿದರೆ, ಪ್ರಯೋಗಶಾಲೆಯ ಶ್ರಮ ಅದನ್ನು ಪಡೆಯಬೇಕಾದವರನ್ನು ನೇರವಾಗಿ ತಲುಪಿದಂತಾಗುತ್ತದೆ.